ಹೊಸ್ತಿಲ ಮೇಲಿನ ಹೂಂ

ಅಥವಾ ಆ ಹೂಂ ಕೇಳಿಸಿದ್ದು ಮಧ್ಯಾಹ್ನವೇ ಅಲ್ಲವೋ ಏನೋ. ಅಜ್ಜಿ ರಾಗಿ ಕೇರುತ್ತಿದ್ದ ಸದ್ದು ನೆನಪಿದೆ, ಅದಕ್ಕೇ ಮಧ್ಯಾಹ್ನ ಎಂದುಕೊಂಡಿದ್ದೇನೆ. ಆ ದಿನವನ್ನು ಎಷ್ಟು ಸಲ ನೆನೆದಿದ್ದೇನೆಂದರೆ, ಈಗ ಕಣ್ಣ ಮುಂದಿರುವುದು ಆ ದಿನವೋ, ಹಿಂದಿನ ಸಲ ನೆನೆದದ್ದೋ ಹೇಳಲಾರೆ.

ಇಷ್ಟು ಮಾತ್ರ ಖಚಿತ. ಎಪ್ಪತ್ತರ ದಶಕದ ಕೊನೆ, ನನಗೆ ಒಂಬತ್ತು ವರ್ಷ. ಹೊನ್ನವಳ್ಳಿ ಹತ್ತಿರದ ತೋಟದ ಮನೆಯಲ್ಲಿ ನಾನು, ಅಜ್ಜಿ ಇಬ್ಬರೇ. ಅವ್ವ ನಾನು ಹುಟ್ಟಿದ ವರ್ಷವೇ ತೀರಿಕೊಂಡಿದ್ದಳು. ಅಪ್ಪ ಅಮ್ಮಸಂದ್ರದ ಸಿಮೆಂಟು ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ. ತಿಂಗಳಿಗೊಮ್ಮೆ ಬರುತ್ತಿದ್ದ, ಅಂಗಿಯ ತುಂಬ ಸಿಮೆಂಟಿನ ವಾಸನೆ. ಯುಗಾದಿ ಕಳೆದು ರೇಟು ಏರಿದ ಮೇಲೆ ಅಟ್ಟದ ಕೊಬ್ಬರಿ ಮಾರಿ, ಅಲ್ಲೊಂದು ಬಾಡಿಗೆ ಮನೆ ಹಿಡಿದು ನನ್ನನ್ನು ಕರೆದುಕೊಂಡು ಹೋಗುತ್ತೇನೆ ಎಂದಿದ್ದ.

ಅಟ್ಟದ ಮೇಲೆ ಕಾಯಿಗಳು ಒಲೆಯ ಹೊಗೆ ಕುಡಿಯುತ್ತ ತಿಂಗಳುಗಟ್ಟಲೆ ಒಣಗುತ್ತಿದ್ದವು. ನೀರೆಲ್ಲ ಇಂಗಿ, ಒಳಗಿನ ಉಂಡೆ ಚಿಪ್ಪು ಬಿಟ್ಟ ಮೇಲೆ ಅಲ್ಲಾಡಿಸಿದರೆ ಲೊಟಲೊಟ ಅನ್ನುತ್ತದೆ. ಆಗ ಅದು ಕೊಬ್ಬರಿ. ಆಡಲು ಜೊತೆಯಿಲ್ಲದ ನಾನು ದಿನವೂ ಏಣಿ ಹತ್ತಿ, ಒಂದೊಂದನ್ನೇ ಕಿವಿಯ ಹತ್ತಿರ ಅಲ್ಲಾಡಿಸಿ ನೋಡುತ್ತಿದ್ದೆ. ಅವೆಲ್ಲ ಮಾತಾಡಿದ ದಿನ ನಾನು ಹೊರಡುವ ದಿನ. ಅರ್ಧಕ್ಕರ್ಧ ಇನ್ನೂ ಮೂಕವಾಗಿದ್ದವು.

ಸಂಜೆ ದೀಪ ಹಚ್ಚಿದ ಮೇಲೆ ಅಜ್ಜಿ ಕಥೆ ಹೇಳುತ್ತಿದ್ದಳು. ಒಂದೊಂದು ಮಾತಿಗೂ ನಾನು ಹೂಂ ಅನ್ನಬೇಕು. ತಪ್ಪಿದರೆ ಅಲ್ಲಿಗೇ ನಿಲ್ಲಿಸುತ್ತಿದ್ದಳು.

"ಹೂಂ ಅನ್ನದಿದ್ರೆ ಕಥೆ ದಾರಿ ತಪ್ತದೆ ಕಣೇ."

ಹೀಗಾಗಿ ಯಾರು ಏನು ಹೇಳಿದರೂ ಹೂಂಗುಡುವುದು ನನಗೆ ರೂಢಿಯಾಗಿಬಿಟ್ಟಿತ್ತು.

ಯುಗಾದಿಗೆ ಮುಂಚಿನ ಆ ದಿನ ಕೊಬ್ಬರಿ ವ್ಯಾಪಾರದ ಪರಮೇಶಣ್ಣ ಸೈಕಲ್ಲು ಒರಗಿಸಿ ಜಗಲಿಯ ಮೇಲೆ ಕೂತ. ಅಜ್ಜಿ ಬಾಗಿಲ ಹಿಂದೆ ಮೊರ ಹಿಡಿದಿದ್ದಳು, ನಾನು ಹೊಸ್ತಿಲಲ್ಲಿ. ತೋಟಕ್ಕೆ ನುಗ್ಗಿದ ಕೋತಿಗಳ ಸುದ್ದಿ ಹೇಳಿದ, ಹೆಂಡತಿಯ ಮಂಡಿನೋವು ಹೇಳಿದ. ಮನೆಗೆ ಬಂದವರು ನನ್ನ ಕಡೆ ತಿರುಗಿ ಮಾತಾಡುವುದೇ ಅಪರೂಪ. ಎಲ್ಲದಕ್ಕೂ ಹೂಂ ಅಂದೆ. ಅಜ್ಜಿಗಿಂತ ನೀನೇ ವಾಸಿ ಎಂದು ನಕ್ಕ. ಆಮೇಲೆ ಅದೇ ದನಿಯಲ್ಲಿ ಹೇಳಿದ:

"ಅಟ್ಟದಲ್ಲಿರೋದ್ನೆಲ್ಲ ಹಸಿ ಒಣಗು ಅಂತ ಆರಿಸ್ದೆ ತಗೋತೀನಿ. ರೇಟು ಮಾತ್ರ ಹೋದ್ವರ್ಷದ್ದೇ. ಹೂಂ ಅಂದ್ರೆ ನಾಳೆ ಗಾಡಿ ತತ್ತೀನಿ."

ಒಂದು ಹೂಂ ಕೇಳಿಸಿತು.

"ಮಾತಾಯ್ತು ಬುಡು" ಎಂದು, ವ್ಯಾಪಾರ ಕುದುರಿದ ಗುರುತಿಗೆ ಎಲೆ ಅಡಿಕೆಯನ್ನು ಹೊಸ್ತಿಲ ಮೇಲಿಟ್ಟು ಹೋದ. ಸಂಜೆ ಅಜ್ಜಿ ಎಲೆ ಅಡಿಕೆ ಮೆಲ್ಲುತ್ತಿದ್ದಳು. ಅವಳು ದಿನವೂ ಮೆಲ್ಲುತ್ತಿದ್ದಳು, ಅದು ಸಾಕ್ಷಿಯಾಗದು.

ಮಾರನೆಯ ದಿನ ಗಾಡಿ ಬಂತು. ಅಜ್ಜಿ ಬೇಡವೆನ್ನಲಿಲ್ಲ. ಅಟ್ಟ ಬರಿದಾಯಿತು.

ಅಪ್ಪ ಬಂದಾಗ ದಾರಿಯಲ್ಲೇ ಪರಮೇಶಣ್ಣ ಸಿಕ್ಕಿ, ನಿನ್ನ ಮಗಳೇ ವ್ಯಾಪಾರ ಮುಗಿಸಿದಳು ಎಂದು ತಮಾಷೆ ಮಾಡಿದ್ದನಂತೆ. ಅಪ್ಪ ಚಪ್ಪಲಿಯನ್ನೂ ಬಿಡದೆ ನಿಂತ.

"ಕೂಸು ಹೂಂ ಅಂದ್ರೆ ಯಾಪಾರವಾ? ಈಗ್ಲೇ ಹೋಗಿ ಕೇಳ್ತೀನಿ."

"ಅವ್ಳಲ್ಲ ಕಣ್ಲಾ, ಹೂಂ ಅಂದೋಳು ನಾನು. ಮಾತು ಅಂದ್ಮೇಲೆ ಮಾತು."

ಅಪ್ಪ ನನ್ನ ಮುಖ ನೋಡಿದ. ಆಗ ಮಾತ್ರ ನಾನು ಹೂಂ ಅನ್ನಲೂ ಇಲ್ಲ, ಉಹೂಂ ಅನ್ನಲೂ ಇಲ್ಲ.

ಬಂದ ದುಡ್ಡು ಮನೆ ಹಿಡಿಯಲು ಸಾಲದು, ಮುಂದಿನ ವರ್ಷ ನೋಡೋಣ ಎಂದ. ಮುಂದಿನ ವರ್ಷವೂ ಹಾಗೇ ಎಂದ.

ಈಗ ತಿಪಟೂರಿನಲ್ಲಿ ವಕೀಲರೊಬ್ಬರ ಬಳಿ ಕರಾರು ಪತ್ರಗಳನ್ನು ಟೈಪು ಮಾಡುತ್ತೇನೆ. ಕರಾರಾಗಬೇಕಾದರೆ ಒಬ್ಬ ಕೇಳಬೇಕು, ಇನ್ನೊಬ್ಬ ಒಪ್ಪಬೇಕು, ಆ ಒಪ್ಪಿಗೆ ಕೇಳಿದವನಿಗೆ ತಲುಪಬೇಕು. ಮಕ್ಕಳ ಒಪ್ಪಿಗೆ ಲೆಕ್ಕಕ್ಕಿಲ್ಲ. ಹೂಂ ನನ್ನದಾಗಿದ್ದರೆ ಆ ವ್ಯಾಪಾರ ಊರ್ಜಿತವಾಗುತ್ತಿರಲಿಲ್ಲ, ಗಾಡಿಯನ್ನು ವಾಪಸು ಕಳಿಸಬಹುದಿತ್ತು. ಹಾಗಾದರೆ ಅಜ್ಜಿ ಅಪ್ಪನ ಬಯ್ಗುಳದಿಂದ ನನ್ನನ್ನು ಕಾಯಲು ಸುಳ್ಳು ಹೇಳಿದಳೋ, ನಾನು ಹೋದರೆ ತಾನು ಒಂಟಿಯಾಗುತ್ತೇನೆಂದು ನಿಜಕ್ಕೂ ಹೂಂ ಅಂದಿದ್ದಳೋ? ಅಥವಾ ಕಾಯಿ ಮಾರಿಹೋದರೆ ಸಾಕು, ಅಪ್ಪ ಕರೆದೊಯ್ಯುತ್ತಾನೆಂದು ನಾನೇ ಬೇಕೆಂದು ಅಂದೆನೋ?

ಅಟ್ಟ ಈಗಿಲ್ಲ. ಹೂಂಗುಡಿಸಿಕೊಂಡು ನನಗೆ ಏನನ್ನಾದರೂ ಹೇಳುವವರೂ ಇಲ್ಲ. ಅಜ್ಜಿ ಆಮೇಲೆ ಹನ್ನೊಂದು ವರ್ಷ ಬದುಕಿದ್ದಳು, ನಾನು ಕೇಳಲಿಲ್ಲ. ಆ ಹೂಂ ಯಾರದೆಂದು ನನಗೆ ಗೊತ್ತಿಲ್ಲ.