ಅತ್ತೆಯ ಸೋಬಾನೆ, ನನ್ನ ನಾಲ್ಕು ಕಾರ್ಡು

ನಿವೃತ್ತಿಯಾದ ಮೇಲೆ ಎಲ್ಲರಂತೆ ವಾಕಿಂಗ್ ಗುಂಪು ಸೇರುವುದು ಬಿಟ್ಟು ಕೀಬೋರ್ಡ್ ಕಲಿಯಲು ಕೂತ ವಿಜ್ಞಾನದ ಮೇಡಂ ಇಡೀ ಮಧುಗಿರಿಗೆ ನಾನೊಬ್ಬಳೇ ಇರಬೇಕು. ಕಲಿತದ್ದು ಹೆಚ್ಚೇನಲ್ಲ. ಮೂರು ಕೀಗಳನ್ನು ಒಟ್ಟಿಗೆ ಒತ್ತಿದರೆ ಒಂದು ಕಾರ್ಡು. ಸಿ, ಜಿ, ಎ ಮೈನರ್, ಎಫ್ ಎಂಬ ನಾಲ್ಕನ್ನು ಒಂದಾದ ಮೇಲೊಂದು ನುಡಿಸಿ ಮತ್ತೆ ಸಿಗೆ ಬಂದರೆ ಒಂದು ಸುತ್ತು. ಈ ಒಂದೇ ಸುತ್ತಿನ ಮೇಲೆ ಲೆಕ್ಕವಿಲ್ಲದಷ್ಟು ಹಾಡುಗಳು ಕೂರುತ್ತವೆ ಎಂದು ಮೊಬೈಲಿನ ಪಾಠದಲ್ಲಿ ಹೇಳಿದಾಗ ನಂಬಿಕೆ ಬರಲಿಲ್ಲ. ಪ್ರಯೋಗ ಮಾಡಿ ನೋಡಿದೆ, ನಿಜ. ಒಂದು ಸಂಜೆ ಐದಾರು ಸಿನಿಮಾ ಹಾಡು ನುಡಿಸಿ ಬೀಗುತ್ತಿದ್ದರೆ, ಪಕ್ಕದಲ್ಲಿ ಪೇಪರ್ ಓದುತ್ತಿದ್ದ ನಮ್ಮೆಜಮಾನರು ಹಾಡು ಯಾವಾಗ ಶುರುವಾಗುತ್ತೆ ಎಂದು ಕೇಳಿದರು.

ನನಗೆ ಸೋಜಿಗವೆನಿಸಿದ್ದು ಬೇರೆ. ನಮ್ಮ ಸಂಗೀತದಲ್ಲಿ ತಂಬೂರಿ ಕೂತಲ್ಲೇ ಕೂತಿರುತ್ತದೆ, ಹಾಡು ಊರೆಲ್ಲ ಸುತ್ತಿಕೊಂಡು ಬರುತ್ತದೆ. ಇಲ್ಲಿ ಹಾಡು ಒಂದೇ ಸ್ವರ ಹಿಡಿದು ನಿಂತರೂ ಕೆಳಗಿನ ಕಾರ್ಡುಗಳ ಚಾಪೆ ಸರಿಯುತ್ತಿರುತ್ತದೆ. ಸಿ ಕಾರ್ಡಿನ ಮೇಲೆ ನಗುತ್ತಿದ್ದ ಸ್ವರವೇ ಎ ಮೈನರಿಗೆ ಬಂದಾಗ ಮುಖ ಸಣ್ಣದು ಮಾಡಿಕೊಳ್ಳುತ್ತದೆ. ಹಾಗಾದರೆ ನಮ್ಮತ್ತೆಯ ಸೋಬಾನೆ ಪದ ಈ ಚಾಪೆಯ ಮೇಲೆ ಕೂತೀತೇ ಎಂದು ಕುತೂಹಲ ಹುಟ್ಟಿತು.

ಅತ್ತೆ ಸಿರಾ ತಾಲ್ಲೂಕಿನ ಹುಲಿಕುಂಟೆಯವರು. ಒಂದು ಕಾಲಕ್ಕೆ ಅಲ್ಲಿನ ಮದುವೆಗಳಲ್ಲಿ ಅವರ ಪದವಿಲ್ಲದೆ ಅರಿಶಿನ ಹಚ್ಚುತ್ತಿರಲಿಲ್ಲವಂತೆ. ಈಗ ಅವರ ತಮ್ಮನ ಮೊಮ್ಮಗಳ ಮದುವೆ ಗೊತ್ತಾಗಿತ್ತು. ಅಜ್ಜಿಯೇ ಬಂದು ಹಾಡಬೇಕೆಂದು ಹುಡುಗಿ ಫೋನಿನಲ್ಲಿ ಹಟ ಹಿಡಿದಿದ್ದಳು. ಎರಡು ಸಾಲಿಗೇ ಉಸಿರು ಕಟ್ಟುತ್ತೆ, ಆಗಲ್ಲ ಎಂದುಬಿಟ್ಟರು ಅತ್ತೆ. ಆಮೇಲೆ ಸೊಪ್ಪು ಸೋಸುತ್ತಾ ಸೋಬಾನೆಯನ್ನೇ ಗುನುಗುತ್ತಿದ್ದರು. ಹಾಡುವ ಆಸೆ ಬೆಟ್ಟದಷ್ಟಿತ್ತು, ಅದು ನನಗೆ ಗೊತ್ತಿತ್ತು.

ಪುಸಲಾಯಿಸಿ ಕೂರಿಸಿಕೊಂಡೆ. ಗುಂಡಿ ಒತ್ತಿ ಕೀಬೋರ್ಡಿನ ಶ್ರುತಿಯನ್ನು ಅವರ ಗಂಟಲಿಗೆ ಹೊಂದಿಸಿದೆ. ಅವರು ಪದ ಎತ್ತಿದರು, ನಾನು ಸುತ್ತು ಶುರು ಮಾಡಿದೆ. ಅವರು ಒಂದು ಸೊಲ್ಲನ್ನು ಎಳೆದು ಮುಗಿಸುವಷ್ಟರಲ್ಲಿ ನಾನು ಎರಡನೇ ಸುತ್ತಿನ ಎಫ್ ಮುಟ್ಟಿದ್ದೆ. ಅತ್ತೆ ನಿಲ್ಲಿಸಿದರು.

"ನಿನ್ ಪೆಟ್ಗೆಗೆ ಉಸ್ರು ಬ್ಯಾಡ್ವೇನಮ್ಮ? ಇಂಗೆ ಓಡುದ್ರೆ ನಾನೆಲ್ಲಿ ಸುದಾರಿಸ್ಕಳ್ಳಿ?"

ಮೊದಲೆಲ್ಲ ಎಲ್ಲಿ ಸುಧಾರಿಸಿಕೊಳ್ಳುತ್ತಿದ್ದಿರಿ ಎಂದು ಕೇಳಿದೆ. ಇವರು ಒಂದು ಸೊಲ್ಲು ಹೇಳಿದರೆ ಜೊತೆಯ ಹೆಂಗಸರು ಅದನ್ನೇ ತಿರುಗಿ ಹೇಳುತ್ತಿದ್ದರಂತೆ. ಅಷ್ಟರಲ್ಲಿ ಉಸಿರೂ ಬರುತ್ತಿತ್ತು, ಮುಂದಿನ ಸೊಲ್ಲೂ ನೆನಪಾಗುತ್ತಿತ್ತು. ಆ ಜೊತೆಗಾರ್ತಿಯರು ಒಬ್ಬೊಬ್ಬರಾಗಿ ಹೋಗಿಬಿಟ್ಟಿದ್ದಾರೆ.

ಮಾರನೆಯ ದಿನದಿಂದ ವರಸೆ ಬದಲಾಯಿಸಿದೆ. ಅತ್ತೆ ಹಾಡುವಾಗ ಬರೀ ಸಿ ಹಿಡಿದು ಸುಮ್ಮನಿದ್ದೆ. ಅವರು ಸೊಲ್ಲು ಮುಗಿಸಿದಾಗ ನಾಲ್ಕು ಕಾರ್ಡನ್ನು ನಿಧಾನಕ್ಕೆ ಒಂದು ಸುತ್ತು ಸುತ್ತಿಸಿದೆ. ಸುತ್ತು ತಿರುಗಿ ಸಿಗೆ ಬರುವಷ್ಟರಲ್ಲಿ ಅತ್ತೆ ತಯಾರು. ಎಫ್ ಹತ್ತಿರ ನನ್ನ ಬೆರಳು ತಡವರಿಸಿದರೆ ಅವರಿಗೆ ಇನ್ನೂ ಅನುಕೂಲ. ವಾರ ಕಳೆಯುವುದರೊಳಗೆ ತಾವೇ ಹುಡುಗಿಗೆ ಫೋನ್ ಮಾಡಿಸಿ ಬರುತ್ತೇನೆಂದರು.

ಹುಲಿಕುಂಟೆಯ ಮದುವೆ ಮನೆಯಲ್ಲಿ ಕೀಬೋರ್ಡ್ ನೋಡಿ ಹೆಂಗಸರು ಮುಸಿಮುಸಿ ನಕ್ಕರು, ಫೋನ್ ಹಿಡಿದರು. ಅತ್ತೆ ಒಂದು ಸೊಲ್ಲು ಹಾಡಿದರು, ನಾನು ಒಂದು ಸುತ್ತು ನುಡಿಸಿದೆ. ಇನ್ನೊಂದು ಸೊಲ್ಲು, ಇನ್ನೊಂದು ಸುತ್ತು. ಮೂರನೆಯದಕ್ಕೆ ಮೂಲೆಯಲ್ಲಿ ಕಾಯಿ ತುರಿಯುತ್ತಿದ್ದಾಕೆ ನನ್ನ ಸುತ್ತಿನ ಮೇಲೆಯೇ ಆ ಸೊಲ್ಲನ್ನು ತಿರುಗಿ ಹೇಳಿದಳು. ಆಮೇಲೆ ಅವಳ ಪಕ್ಕದವಳು, ಆಮೇಲೆ ಫೋನ್ ಹಿಡಿದಿದ್ದವರೂ. ನಾನು ಜಂಬದಿಂದ ಸೌಂಡ್ ಇನ್ನಷ್ಟು ಏರಿಸಿದೆ. ಅತ್ತೆ ನನ್ನ ಕೈ ಮೇಲೆ ಕೈ ಇಟ್ಟರು.

"ಸಾಕು ಬುಡಮ್ಮ. ಜನ ಬಂದ್ರು."

ಒಂದು ಕ್ಷಣ ಚುರುಕ್ಕೆಂದದ್ದು ಸುಳ್ಳಲ್ಲ. ಕೀಬೋರ್ಡ್ ಆಫ್ ಮಾಡಿ, ಮುಂದಿನ ಸೊಲ್ಲಿಗೆ ನಾನೂ ಎಲ್ಲರ ಜೊತೆ ದನಿ ಸೇರಿಸಿದೆ. ನಾವು ಹೇಳಿ ಮುಗಿಸುವವರೆಗೂ ಅತ್ತೆ ಆರಾಮಾಗಿ ಕೂತು ಉಸಿರೆಳೆದುಕೊಂಡರು.