ರಾಣಿಗಾಗಿ ಅತ್ತ ರಾಜ, ಕೆಟ್ಟುಹೋದ ಬೆಂಡೆ ಹೊಲ

ಆರುನೂರು ವರ್ಷದ ಹಿಂದೆ ಸತ್ತ ಕೊರಿಯಾದ ರಾಜನಿಗಾಗಿ ನಿಮ್ಮ ಮನೆಯಲ್ಲೂ ಯಾರಾದರೂ ಅತ್ತಿದ್ದಾರಾ? ನಮ್ಮಣ್ಣ ಅತ್ತ. ಕುಪ್ಪೇಲೂರಿನ ಮನೆಯ ಕಟ್ಟೆ ಮೇಲೆ ಕೂತು, ಮೊಬೈಲ್‌ನಲ್ಲಿ ಧಾರಾವಾಹಿ ನೋಡುತ್ತ, ಟವೆಲ್‌ನಲ್ಲಿ ಮೂಗು ಒರೆಸಿಕೊಂಡ.

ಆ ರಾಜ ಮೊದಮೊದಲು ಗಟ್ಟಿಗನೇ. ಮಂಗೋಲರ ಹಿಡಿತ ಕಿತ್ತೆಸೆದ, ಅವರಂತೆ ಜಡೆ ಹಾಕುವುದನ್ನೂ ಬಿಟ್ಟ. ಹೆರಿಗೆಯಲ್ಲಿ ರಾಣಿ ತೀರಿಕೊಂಡಳು ನೋಡಿ, ಮುಗಿಯಿತು. ರಾಜ್ಯವನ್ನು ಒಬ್ಬ ಸನ್ಯಾಸಿಯ ಕೈಗಿಟ್ಟು, ತಾನು ಅವಳ ಚಿತ್ರ ಬರೆಯುತ್ತ ಕೂತ. ಜನರನ್ನು ದುಡಿಸಿ ಅವಳಿಗೊಂದು ಗುಡಿ ಕಟ್ಟಿಸಿದ.

"ರಾಣಿನ ಹೋದ ಮ್ಯಾಲ ರಾಜ್ಯ ತಗೊಂಡು ಏನ್ ಮಾಡ್ತಾನ ತಂಗೆವ್ವ?" ಅಂದ ಅಣ್ಣ.

"ಬೆಂಡಿ ಹೂ ನಿನ್ನ ರಾಜನ ಕಣ್ಣೀರು ಆರೋತನಕ ಕಾಯಂಗಿಲ್ಲ, ಯಣ್ಣಾ!"

ಕಂಪನಿಗೆ ಹೈಬ್ರಿಡ್ ಬೀಜ ಕೊಡಲೆಂದು ಹಾಕಿದ ಆ ಬೆಂಡೆಯಲ್ಲಿ ಅರ್ಧ ನನ್ನದು. ಸಂಜೆ ಹೆಣ್ಣು ಸಾಲಿನ ಮೊಗ್ಗಿನೊಳಗಿನ ಗಂಡುಭಾಗ ಕಿತ್ತು ಕೆಂಪು ಕಾಗದ ತೊಡಿಸಬೇಕು. ಮುಂಜಾನೆ ಗಂಡು ಸಾಲಿನ ಹೂ ತಂದು ಮುಟ್ಟಿಸಿ ಗುರುತಿಗೆ ದಾರ ಕಟ್ಟಬೇಕು. ಕಣ್ತಪ್ಪಿಸಿ ತಾನೇ ಅರಳಿದ ಹೂವನ್ನು ಅವತ್ತೇ ಕಿತ್ತೆಸೆಯಬೇಕು. ದಾರವಿಲ್ಲದ ಕಾಯಿ ಕಂಡರೆ ಬೀಜದ ಕಂಪನಿಯವರು ಇಡೀ ಹೊಲವನ್ನೇ ಬೇಡ ಅಂತಾರೆ. ಇದೆಲ್ಲ ಅಣ್ಣನಿಗೆ ಗೊತ್ತಿಲ್ಲವೇ? ಗೊತ್ತು. ಆದರೂ ಒಂದು ವಾರ ಹೊಲವನ್ನು ಕೂಲಿಯವರ ಮುಂದಾಳಿಗೆ ಬಿಟ್ಟ. ಆ ಮಹಾಶಯ ಬೇರೆಯವರ ಹೊಲದಲ್ಲಿದ್ದ. ಅರಮನೆಗೊಬ್ಬ ಸನ್ಯಾಸಿ, ನಮಗೊಬ್ಬ ಇವನು.

ನಾನಿರುವುದು ಬ್ಯಾಡಗಿಯಲ್ಲಿ; ತಪಾಸಣೆಯ ದಿನ ಮತ್ತೆ ಬಸ್ ಹತ್ತಿ ಬಂದೆ. ಕಂಪನಿಯವನು ಮೊದಲ ಸಾಲಿನಲ್ಲೇ ಬಗ್ಗಿದ.

"ಯಜಮಾನ್ರ, ಈ ಕಾಯಿಗೆ ದಾರ ಎಲ್ಲೈತ್ರಿ?"

"ಆ ಕಡೆ ಸಾಲು ಛಲೋ ಅದಾವು, ನೋಡ್ರಿ ಸಾಹೇಬ್ರ."

ನೋಡಿದ. ಆ ಕಡೆ ಇನ್ನೂ ಕೆಟ್ಟಿತ್ತು. ತಲೆ ಅಲ್ಲಾಡಿಸಿ ರಾಣೆಬೆನ್ನೂರಿಗೆ ಗಾಡಿ ತಿರುಗಿಸಿದ. ಬಲಿತ ಬೆಂಡೆ, ಸಂತೆಯಲ್ಲೂ ಯಾರೂ ಮುಟ್ಟುವುದಿಲ್ಲ.

ಅಣ್ಣ ಬದುವಿನ ಮೇಲೆ ಕೂತು ಮತ್ತೆ ಮೊಬೈಲ್ ತೆಗೆದ! ಕೊನೆಯ ಕಂತಂತೆ.

"ಅವನ ಆಳುಗೋಳ ಅವನ್ನ ಕೊಂದ್ರು, ಪಾಪ" ಅಂದ.

"ಸತ್ತನಲ್ಲ? ಹಂಗಾರ ಏಳು. ಬೆಂಡಿ ಗಿಡ ಕೀಳೋದೈತಿ. ಆಳು ಯಾರೂ ಬರಂಗಿಲ್ಲ, ನೀನ ಕೀಳು."

ನಿಮ್ಮ ಮನೆಯ ಅಳುಮುಂಜಿ ರಾಜ ಏನು ಹಾಳು ಮಾಡಿದ? ಕೆಳಗೆ ಬರೆಯಿರಿ. ಪಾಪ ಅನ್ನುವವರು ಬೇಡ, ಗಿಡ ಕಿತ್ತವರು ಬರೆಯಿರಿ.