ಅಕ್ಕನ ಪದ ಬರೆದುಕೊಂಡವನು

ನಾನು ನಿಮ್ಮಷ್ಟೇ ಚಿಕ್ಕವನಿದ್ದಾಗ ಶಿರಹಟ್ಟಿ ಹತ್ತಿರದ ನಮ್ಮೂರು ಮುಂಬೈ ಸರಕಾರದ ಕೈಯಲ್ಲಿತ್ತು. ಬೆಳೆದ ಜೋಳದಲ್ಲಿ ಒಂದು ಪಾಲನ್ನು ಲೇವಿ ಎಂದು ಸರಕಾರಕ್ಕೆ ಕೊಡಬೇಕಿತ್ತು. ನೋಟ್‌ಬುಕ್ ಹಿಡಿದವರು ಬಂದರೆ ಊರಿಗೆ ಊರೇ ಬಾಗಿಲು ಹಾಕಿಕೊಳ್ಳುತ್ತಿತ್ತು. ಇವತ್ತಿಗೂ ಅಂಥವರನ್ನು ನಾನು ನಂಬುವುದಿಲ್ಲ. ಅಪ್ಪನಂತೂ ಎರಡು ಚೀಲ ಜೋಳವನ್ನು ಅಂಗಳದ ಹಗೇವಿನಲ್ಲಿ, ಅಂದರೆ ನೆಲದೊಳಗಿನ ಗುಂಡಿಯಲ್ಲಿ, ಮುಚ್ಚಿಟ್ಟಿದ್ದ.

ಒಂದು ನಸುಕಿನಲ್ಲಿ ಅಕ್ಕ ಜೋಳ ಬೀಸುತ್ತಿದ್ದಳು. ಬಿಸಿ ಹಿಟ್ಟಿನ ವಾಸನೆ ಮನೆಯೆಲ್ಲ ಹಬ್ಬಿತ್ತು. ಹಾಡದೆ ಬೀಸುವುದು ಅವಳಿಗೆ ಗೊತ್ತೇ ಇರಲಿಲ್ಲ. ಒಂದು ಪದ ಮುಗಿದರೆ ಒಂದು ಸೇರು ಹಿಟ್ಟು. ನಾನು ಮುಖ ತೊಳೆಯಲು ಹೊರಗೆ ಬಂದರೆ, ಬಿಳಿ ಟೋಪಿಯವನೊಬ್ಬ ನಮ್ಮ ಗೋಡೆಗೆ ಆತು ಕುಳಿತು ನೋಟ್‌ಬುಕ್ಕಿನಲ್ಲಿ ಗೀಚುತ್ತಿದ್ದ. ಪದ ಎಣಿಸಿ ಜೋಳ ಹಿಡಿಯಲು ಬಂದಿದ್ದಾನೆ! ಓಡಿಹೋಗಿ ಅಪ್ಪನ ಕಿವಿಗೆ ಊದಿದೆ.

"ಈ ಮನ್ಯಾಗ ಇನ್ಮ್ಯಾಲ ಪದ ಕೇಳಬಾರ್ದು," ಎಂದ ಅಪ್ಪ. ಅಕ್ಕನ ಹಾಡು ನಿಂತಿತು, ಅದರ ಜೊತೆ ಕಲ್ಲೂ ನಿಂತಿತು. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು.

ಹಾಡು ನಿಂತದ್ದಕ್ಕೆ ಆ ಮನುಷ್ಯ ತಾನೇ ಬಾಗಿಲಿಗೆ ಬಂದ. ಧಾರವಾಡದ ರೇಡಿಯೋದವನಂತೆ, ಹಳ್ಳಿಯ ಪದ ಹುಡುಕುತ್ತಿದ್ದಾನಂತೆ. ಎದುರಿಗೆ ಕುಳಿತರೆ ಹೆಣ್ಣುಮಕ್ಕಳು ನಾಚಿ ಹಾಡುವುದಿಲ್ಲವೆಂದು ಗೋಡೆಯಾಚೆ ಕುಳಿತಿದ್ದನಂತೆ. ಇದನ್ನು ಯಾರು ನಂಬಬೇಕು? ಅಪ್ಪ ನೋಟ್‌ಬುಕ್ ಕಸಿದು ನನ್ನ ಕೈಗಿಟ್ಟ. ಮನೆಯಲ್ಲಿ ಓದು ಬರುತ್ತಿದ್ದುದು ನನಗೊಬ್ಬನಿಗೇ. ಪುಟಪುಟ ಜಾಲಾಡಿದೆ. ಸೇರೂ ಇಲ್ಲ, ಚೀಲವೂ ಇಲ್ಲ. ಅಕ್ಕ ಹಾಡಿದ್ದೆಲ್ಲ ಸಾಲುಸಾಲಾಗಿ ಅಲ್ಲಿತ್ತು. ನಾನು ಜೋರಾಗಿ ಓದಿದೆ.

ಅಕ್ಕ ಹಿಟ್ಟಿನ ಬೆರಳಿನಿಂದ ಆ ಪುಟ ಮುಟ್ಟಿ, "ಇದು ನಂದೇನು?" ಎಂದಳು.

ಅಪ್ಪ ಅವಳ ಮುಖ ನೋಡಿ, ನೋಟ್‌ಬುಕ್ಕನ್ನು ಟೋಪಿಯವನಿಗೆ ತಿರುಗಿ ಕೊಟ್ಟ. ಆಮೇಲೆ ಅವನಿಗೆ, "ಹಾಡ್ಲಿ ಖರೆ, ನಮ್ಮ ಹಗೇವಿನ ಸುದ್ದಿ ಒಂದು ಬರೀಬ್ಯಾಡ್ರಿ," ಎಂದುಬಿಟ್ಟ. ಮುಚ್ಚಿಟ್ಟಿದ್ದನ್ನು ತಾನೇ ಬಾಯಿಬಿಟ್ಟಿದ್ದ! ಆ ಮನುಷ್ಯ ನಕ್ಕು ನೋಟ್‌ಬುಕ್ ಮುಚ್ಚಿದ.

ಕೆಲವು ದಿನಗಳಲ್ಲೇ ಅವನು ಅಕ್ಕನನ್ನು ರೇಡಿಯೋದಲ್ಲಿ ಹಾಡಲು ಧಾರವಾಡಕ್ಕೆ ಕರೆಸಿದ. ಅಲ್ಲಿ ಅವಳ ಬಾಯಿಂದ ಪದವೇ ಹೊರಡಲಿಲ್ಲ. ಕೈ ಸುಮ್ಮನಿದ್ದರೆ ಅವಳಿಗೆ ಹಾಡು ಬಾರದು. ಕಡೆಗೆ ಯಾರದೋ ಮನೆಯಿಂದ ಬೀಸುಕಲ್ಲು ಹೊತ್ತು ತಂದರು; ಅದನ್ನು ತಿರುಗಿಸುತ್ತ ಅವಳು ಹಾಡಿದಳು. ಮುಂದೆ ಗದಗಿನಿಂದ ಮುಂಡರಗಿಯವರೆಗೆ ಅವಳ ದನಿ ಗೊತ್ತಿಲ್ಲದವರೇ ಇರಲಿಲ್ಲ. ಅಂಥ ದನಿಯನ್ನು ಅಂದು ನಿಲ್ಲಿಸಿದವನು ನಾನು. ಆ ನಾಚಿಕೆ ಇನ್ನೂ ಹೋಗಿಲ್ಲ.

ಮೊನ್ನೆ ಅದೇ ಪದವನ್ನು ಫೋನಿನಲ್ಲಿ ಕೇಳಿ, ಹಿಂದೆ ಏನೋ ಗರಗರ ಸದ್ದಿದೆ, ಹಾಡು ಕೆಟ್ಟಿದೆ ಅಂದಿರಲ್ಲ? ಕೆಟ್ಟಿಲ್ಲ, ಮಕ್ಕಳೇ. ನಿಮಗೆ ಹಿಟ್ಟು ಅಂಗಡಿಯಿಂದ ಬರುತ್ತದೆ, ಹಾಡು ಫೋನಿನಿಂದ. ನಮಗೆ ಎರಡೂ ಆ ಕಲ್ಲಿನಿಂದಲೇ ಬರುತ್ತಿದ್ದವು.